ಬು ಕಸ್ಮಿಯವರ ಕ್ಯಾರಿಯರ್

ಬೆಳಿಗ್ಗೆ ಆರು ಗಂಟೆಗೆ ವಾರ್ತಿನಿ ಬಸ್ ನಿಲ್ದಾಣಕ್ಕೆ ಹೊರಟ ಬಾಡಿಗೆ ಬೈಕಿನ ಹಿಂದೆ ಕೂತು, ಹೆಲ್ಮೆಟ್ಟಿನೊಳಗಿನಿಂದಲೇ ಗಂಡನಿಗೆ ಕೊನೆಯ ಅಪ್ಪಣೆ ಕೊಟ್ಟಳು.

"ರೀ, ಬು ಕಸ್ಮಿಯವರ ಕ್ಯಾರಿಯರ್ ಅಡುಗೆಮನೇಲಿದೆ. ನಾಲ್ಕು ಗಂಟೆ ಮೀಟಿಂಗಿಗೆ ಮುಂಚೆ ಅವರ ಕೈಗೆ ಮುಟ್ಟಿಸಿಬಿಡಿ. ಮರೆತರೆ ನನ್ನ ಮುಖ ನೋಡಬೇಡಿ."

ಸರ್ಮಿದಿ ಹೂಂ ಎನ್ನುವಷ್ಟರಲ್ಲಿ ಬೈಕು ತಿರುವು ದಾಟಿತ್ತು. ವಾರ್ತಿನಿ ಹೊರಟದ್ದು ತಂಗಿಯ ಮೊಮ್ಮಗುವನ್ನು ನೋಡಲು, ವೊನೊಸಾರಿಗೆ. ಮೀಟಿಂಗಿನ ಹೊತ್ತಿಗೆ ವಾಪಸು ಬರುವ ಲೆಕ್ಕ. ಹೋಗಿ ಕ್ಯಾರಿಯರ್ ಕೊಟ್ಟು ಬರುವುದು ಏನು ಮಹಾ ಕೆಲಸ ಎಂದುಕೊಂಡು ಸರ್ಮಿದಿ ಇನ್ನೊಂದು ಲೋಟ ಕಾಫಿ ಕುಡಿದ.

ಕೆಲಸ ಮಹಾದ್ದೇ ಆಗಿತ್ತು. ಜೋಗ್ಯಾ ನಗರದ ಹೊಳೆದಂಡೆಯ ಆ ಓಣಿಯಲ್ಲಿ ಮಗು ಹುಟ್ಟಲಿ, ಮುದುಕ ಸಾಯಲಿ, ಹುಡುಗನಿಗೆ ಸುನ್ನತಿಯಾಗಲಿ, ನೆರೆಹೊರೆಯವರನ್ನು ಕರೆದು ಪ್ರಾರ್ಥನೆ ಮಾಡಿಸಿ ಮನೆಮನೆಗೂ ಊಟದ ಪಾಲು ಕಳಿಸಲೇಬೇಕು. ಹಿಂದೆಲ್ಲ ಬಾಳೆ ಎಲೆ, ಬಿದಿರುಬುಟ್ಟಿ ಇತ್ತು. ಆಮೇಲೆ ಥರ್ಮಾಕೋಲ್ ಡಬ್ಬಿ ಬಂತು. ತಿಂದು ಬಿಸಾಡಿದರೆ ಆಯಿತು, ತೊಳೆಯುವ ಗೊಡವೆಯಿಲ್ಲ. ಬಿಸಾಡಿದ್ದೆಲ್ಲ ಚರಂಡಿಯಲ್ಲಿ ಕೂತು, ಹೋದ ಮಳೆಗಾಲದಲ್ಲಿ ಕೊಳಚೆ ನೀರು ಪ್ರಾರ್ಥನಾಮಂದಿರಕ್ಕೇ ನುಗ್ಗಿತು. ಅವತ್ತು ಮೊಣಕಾಲುದ್ದ ಕೊಚ್ಚೆಗಿಳಿದು ಕೋಲಿನಿಂದ ಡಬ್ಬಿಗಳನ್ನು ಎಳೆದು ಹಾಕಿದವಳು ವಾರ್ತಿನಿ. ಸರ್ಮಿದಿ ಗೋಡೆಯ ಮೇಲೆ ನಿಂತು ಅವಳ ತಲೆಯ ಮೇಲೆ ಕೊಡೆ ಹಿಡಿದಿದ್ದ. ಅವನು ಕೊಡೆ ರಿಪೇರಿಯವನು, ಅವನಿಗೆ ತೋಚಿದ್ದು ಅಷ್ಟೇ. ಅದನ್ನು ನೆನೆದರೆ ಈಗಲೂ ಅವನಿಗೆ ನಾಚಿಕೆಯಾಗುತ್ತದೆ.

ಆಮೇಲೆ ವಾರ್ತಿನಿ ಓಣಿಯ ಹೆಂಗಸರ ಕೈಕಾಲು ಹಿಡಿದು, ಒಂದು ತಿಂಗಳು ಥರ್ಮಾಕೋಲ್ ಬೇಡ, ಅವರವರ ಮನೆಯ ಪಾತ್ರೆಯಲ್ಲೇ ಊಟ ಕಳಿಸೋಣ ಎಂದು ಒಪ್ಪಿಸಿದ್ದಳು. ಆ ತಿಂಗಳು ಇವತ್ತಿಗೆ ಮುಗಿಯುತ್ತಿತ್ತು. ಮುಂದುವರಿಸಬೇಕೋ ಬೇಡವೋ ಎಂದು ನಾಲ್ಕು ಗಂಟೆಗೆ ಕೈ ಎತ್ತುವ ಮೀಟಿಂಗು. ವಿರೋಧಪಕ್ಷದ ನಾಯಕಿ ಮೂಲೆಮನೆಯ ಬು ಕಸ್ಮಿ, ರಿಟೈರಾದ ಹೆಡ್‌ಮಿಸ್ಸು. ಬು ಎಂದರೆ ಅಲ್ಲಿ ಅಮ್ಮಾವರು ಎಂದ ಹಾಗೆ, ಗಂಡಸರಿಗಾದರೆ ಪಾಕ್. ಓಣಿಯ ಅರ್ಧಕ್ಕೆ ಅರ್ಧ ಹೆಂಗಸರು ಅವರ ಹತ್ತಿರವೇ ಮಗ್ಗಿ ಕಲಿತವರು. ಅವರು ಕೈ ಎತ್ತಿದರೆ ಎತ್ತುತ್ತಾರೆ, ಇಳಿಸಿದರೆ ಇಳಿಸುತ್ತಾರೆ. ಹೋದ ಪಾತ್ರೆ ತಿರುಗಿ ಬರುವುದಿಲ್ಲ ಎನ್ನುವುದು ಬು ಕಸ್ಮಿಯವರ ವಾದ. ಅವರ ತಾಯಿಯ ಕಾಲದ ಕ್ಯಾರಿಯರ್ ವಾರದಿಂದ ವಾರ್ತಿನಿಯ ಮನೆಯಲ್ಲೇ ಕೂತಿತ್ತು. ಅದೂ ಹೋಯಿತು ಎಂದಾದರೆ ನಾಳೆಯಿಂದ ಮತ್ತೆ ಥರ್ಮಾಕೋಲೇ.

ಕಾಫಿ ಮುಗಿಸಿ ಸರ್ಮಿದಿ ಅಡುಗೆಮನೆಗೆ ಹೋದ. ಶೆಲ್ಫಿನ ಮೇಲೆ ಕ್ಯಾರಿಯರ್ ಇತ್ತು. ಮೂರಡುಕಿನದು, ಬಿಳಿ ಎನಾಮಲ್, ಹಸಿರು ಹೂವು. ಎತ್ತಿ ನೋಡಿದರೆ ಹಗುರ. ಮುಚ್ಚಳ ತೆಗೆದರೆ ಮೂರೂ ಅಡುಕು ಖಾಲಿ.

ಖಾಲಿ ಪಾತ್ರೆ ವಾಪಸು ಕೊಡುವುದಕ್ಕಿಂತ ಆ ಓಣಿಯಲ್ಲಿ ಪಾತ್ರೆ ಕದ್ದರೂ ಮರ್ಯಾದೆ ಉಳಿಯುತ್ತದೆ. ವಾರ್ತಿನಿ ತುಂಬಿಸುವುದನ್ನು ಮರೆತಿದ್ದಾಳೆ ಎಂದುಕೊಂಡ. ಮದುವೆಯಾದ ಇಪ್ಪತ್ತೇಳು ವರ್ಷದಲ್ಲಿ ಹೆಂಡತಿ ಮಾಡಿದ ಮೊದಲ ತಪ್ಪು ಇದು ಎಂದು ಒಳಗೊಳಗೇ ಕೊಂಚ ಖುಷಿಯೂ ಆಯಿತು. ಕೇಳೋಣವೆಂದು ಫೋನು ಹಚ್ಚಿದ. ಅವಳ ಫೋನು ಮಂಚದ ಮೇಲೆ, ಚಾರ್ಜಿಗೆ ಹಾಕಿದಲ್ಲೇ ಹಾಡತೊಡಗಿತು.

ಸರಿ, ನಾನೇ ಮಾಡುತ್ತೇನೆ ಎಂದು ಹೊರಟ. ಕೊಡೆಬಟ್ಟೆಯ ಕತ್ತರಿಯಲ್ಲಿ ಹುದುಗಿಸಿದ ಸೋಯಾಕಾಳಿನ ಟೆಂಪೆ ಬಿಲ್ಲೆಯನ್ನು ಕತ್ತರಿಸಿದ. ಬಾಣಲೆಗೆ ಎಣ್ಣೆ ಸುರಿದು, ಕಾಯುವ ತನಕ ಒಂದು ಕೊಡೆಯ ಕಡ್ಡಿ ಸರಿಮಾಡೋಣವೆಂದು ಕೂತ. ಕೊಡೆ ಸರಿಯಾಯಿತು. ಅಡುಗೆಮನೆಯಿಂದ ಮಾತ್ರ ಇಟ್ಟಿಗೆ ಭಟ್ಟಿಯಂತೆ ಹೊಗೆ ಎದ್ದಿತು.

ಹೊಗೆಗೆ ಮೊದಲು ಓಡಿ ಬಂದವನು ಪಕ್ಕದ ಮನೆಯ ಜುಮೆನೊ. ಅವನ ಮನೆಯಲ್ಲಿ ಹಾಡುವ ಬೆಳವನ ಹಕ್ಕಿಗಳ ಪಂಜರ ಒಂಬತ್ತಿವೆ. ಹಕ್ಕಿಗಳಿಗೆ ಗಂಟಲು ಕಟ್ಟಿದರೆ ಆದಿತ್ಯವಾರದ ಪಂದ್ಯದಲ್ಲಿ ನಿನ್ನನ್ನೇ ಹಾಡಿಸುತ್ತೇನೆ ಎಂದು ಬೈದು, ಒಲೆ ಆರಿಸಿ, ಆಮೇಲೆ ವಿಷಯ ಏನೆಂದು ಕೇಳಿದ. ಕೇಳಿದ ಮೇಲೆ ಅವನ ಮನಸ್ಸು ಕರಗಿತು. ಮನೆಗೆ ಹೋಗಿ ಒಂದು ಬಟ್ಟಲು ಎಳೆ ಹಲಸಿನ ಪಲ್ಯ ತಂದುಕೊಟ್ಟ.

"ಕೆಳಗಿನ ಅಡುಕಿಗೆ ಸುರ್ಕೊ. ಬಟ್ಟಲು ಮಾತ್ರ ಬೇಗ ಕೊಟ್ಬಿಡಪ್ಪ, ನನ್ನ ಹೆಂಡ್ತಿ ಸ್ವಭಾವ ಗೊತ್ತಲ್ಲ."

ಸರ್ಮಿದಿ ಸುರಿದುಕೊಂಡ. ಬಟ್ಟಲು ತೊಳೆದ. ತೊಳೆದ ಮೇಲೆ ಹೊಳೆಯಿತು: ಈ ಬಟ್ಟಲನ್ನೂ ಖಾಲಿ ಕೊಡುವ ಹಾಗಿಲ್ಲ.

ಓಣಿಯ ಕೊನೆಯಲ್ಲಿ ಶೇಂಗಾ ಹಪ್ಪಳ ಕರಿಯುವ ಙತಿನಾ ಅಜ್ಜಿಯ ಹತ್ತಿರ ಹೋದ. ಕೊಂಡು ತಂದರೆ ಯಾರ ಹಂಗೂ ಇಲ್ಲವಲ್ಲ ಎಂದು ಅವನ ಲೆಕ್ಕ. ಅಜ್ಜಿ ಅವನ ಕತೆಯನ್ನೆಲ್ಲ ಕೇಳಿ, ದುಡ್ಡು ಚಾಚಿದ ಕೈಗೆ ಪಟ್ಟೆಂದು ಬಾರಿಸಿದಳು. ಹೆಂಡತಿ ಊರಲ್ಲಿಲ್ಲದ ಗಂಡಸಿನ ಹತ್ತಿರ ಕಾಸು ತೆಗೆದುಕೊಂಡರೆ ನನಗೆ ನರಕವೇ ಗತಿ ಎಂದು, ಒಂದು ದೊಡ್ಡ ತಗಡಿನ ಡಬ್ಬಿಯ ತುಂಬ ಹಪ್ಪಳ ಕೊಟ್ಟಳು. ಡಬ್ಬಿ ಸಂಜೆಗೆ ಬೇಕೆಂದಳು.

ಅದರಲ್ಲಿ ಅರ್ಧ ಕ್ಯಾರಿಯರಿನ ಮೇಲಿನ ಅಡುಕಿಗೆ ಹೋಯಿತು. ಉಳಿದದ್ದನ್ನು ಜುಮೆನೊನ ಬಟ್ಟಲಿಗೆ ತುಂಬಿ ಕೊಡಲು ಹೋದರೆ ಬಾಗಿಲಲ್ಲಿ ಅವನ ಹೆಂಡತಿ ನಿಂತಿದ್ದಳು. ಅಯ್ಯೋ, ಇದನ್ನೆಲ್ಲ ಯಾಕೆ ತಂದಿರಿ, ಇಷ್ಟು ಉಪಚಾರ ಮಾಡಿದರೆ ನಾವು ಸುಮ್ಮನಿರುವುದು ಹೇಗೆ ಎಂದು ಒಳಗೆ ಹೋದವಳು, ಅದೇ ಬಟ್ಟಲಿನ ತುಂಬ ಕರಿದ ತೋಫು, ಜೊತೆಗೆ ಇನ್ನೊಂದು ಗಾಜಿನ ಬಟ್ಟಲಿನಲ್ಲಿ ಖಾರದ ಚಟ್ನಿ ತಂದು ಅವನ ಕೈಯಲ್ಲಿಟ್ಟಳು. ವಿದ್ಯೆಯೊಂದೇ ಕೊಟ್ಟಷ್ಟೂ ಹೆಚ್ಚುವಂಥದ್ದು ಎಂದು ಸರ್ಮಿದಿ ಶಾಲೆಯಲ್ಲಿ ಕಲಿತಿದ್ದ. ಬಟ್ಟಲಿನ ವಿಷಯವನ್ನು ಮೇಷ್ಟರು ಹೇಳಿರಲಿಲ್ಲ.

ತೋಫು ನಡುವಿನ ಅಡುಕಿಗೆ ಹೋಯಿತು. ಈಗ ಕ್ಯಾರಿಯರ್ ತುಂಬಿತ್ತು, ಮೇಜಿನ ಮೇಲೆ ಕೊಡಬೇಕಾದ ಪಾತ್ರೆ ಮೂರಾಗಿತ್ತು. ಚಟ್ನಿಯನ್ನು ಅಜ್ಜಿಯ ಡಬ್ಬಿಗೆ ಸುರಿದು ಕೊಟ್ಟುಬಿಡೋಣ ಎಂದು ಹೋದ. ಅಜ್ಜಿ ಡಬ್ಬಿಯೊಳಗೆ ಇಣುಕಿ, ಅವನ ಮುಖ ನೋಡಿ, ಗಂಡಸರ ಬುದ್ಧಿಯೇ ಇಷ್ಟು ಎಂದು ಮರುಗಿ, ಅವನು ಬೆಳಗಿನಿಂದ ಏನೂ ತಿಂದಿರಲಾರ ಎಂದು ಊಹಿಸಿ, ಒಂದು ಪಾತ್ರೆ ಗಂಜಿ ಕೊಟ್ಟು ಕಳಿಸಿದಳು. ಅಜ್ಜಿಯ ಊಹೆ ಸರಿಯಾಗಿತ್ತು. ಆದರೆ ಆ ಗಂಜಿಯನ್ನೂ ಅವನು ತಿನ್ನಲಿಲ್ಲ. ಜುಮೆನೊನ ಹೆಂಡತಿಯ ಎರಡು ಬಟ್ಟಲು ಇನ್ನೂ ಖಾಲಿ ಇದ್ದವಲ್ಲ.

ಹೀಗೆ ಮಧ್ಯಾಹ್ನ ಮೂರರವರೆಗೆ ಅವನು ಆ ಓಣಿಯಲ್ಲಿ ಹನ್ನೊಂದು ಸಲ ಓಡಾಡಿದ. ಕಿಟಕಿಗಳಲ್ಲಿ ತಲೆಗಳು ಕಾಣಿಸಿಕೊಂಡವು. ವಾರ್ತಿನಿ ಮನೆಬಿಟ್ಟು ಹೋಗಿದ್ದಾಳಂತೆ ಎಂದು ಒಬ್ಬಳು, ಇಲ್ಲ, ಸರ್ಮಿದಿ ಹೋಟೆಲ್ ಇಡುತ್ತಾನಂತೆ ಎಂದು ಇನ್ನೊಬ್ಬಳು. ಇಬ್ಬರೂ ಸುದ್ದಿ ಖಾತ್ರಿ ಮಾಡಿಕೊಳ್ಳಲು ಬರಿಗೈಯಲ್ಲಿ ಬರಲಾಗದೆ ಒಂದೊಂದು ತಟ್ಟೆ ಪಲ್ಯ ಹಿಡಿದು ಬಂದರು. ಕೊಡಬೇಕಾದ ಪಾತ್ರೆ ಈಗ ಐದು.

ಬೀದಿ ಬದಿಯ ಅಂಗಡಿಯವನು ಇದನ್ನೆಲ್ಲ ನೋಡಿ ನೋಡಿ, ಕೊನೆಗೆ ಅವನನ್ನು ಹತ್ತಿರ ಕರೆದ. ಕೌಂಟರಿನ ಕೆಳಗಿನಿಂದ ಒಂದು ಕಟ್ಟು ಥರ್ಮಾಕೋಲ್ ಡಬ್ಬಿ ತೋರಿಸಿದ.

"ಇದಕ್ಕೆ ತುಂಬಿಸಿ ಹಂಚ್ಬಿಡು ಮಾರಾಯ. ವಾಪಸ್ ಕೊಡೋ ರಗಳೆ ಇಲ್ಲ, ತಗೊಳ್ಳೋ ರಗಳೆ ಇಲ್ಲ. ಯಾರಿಗೂ ಹೇಳಲ್ಲ ನಾನು."

ಸರ್ಮಿದಿಯ ಕೈ ಮುಂದೆ ಹೋಗಿದ್ದು ನಿಜ. ಹೊಟ್ಟೆ ಹಸಿದಿತ್ತು, ಕಾಲು ಬಿದ್ದುಹೋಗಿತ್ತು. ಆದರೆ ಕೊಚ್ಚೆಯಲ್ಲಿ ಬಾಗಿ ನಿಂತ ವಾರ್ತಿನಿಯ ಬೆನ್ನು ಕಣ್ಣಮುಂದೆ ಬಂತು. ಇವತ್ತೂ ನಾನು ಗೋಡೆಯ ಮೇಲೇ ನಿಂತರೆ ನನ್ನ ಜನ್ಮಕ್ಕಿಷ್ಟು ಎಂದುಕೊಂಡು ಕೈ ಹಿಂದೆ ತೆಗೆದುಕೊಂಡ. ಮನೆಗೆ ಬಂದು ಕ್ಯಾರಿಯರ್ ಒರೆಸಿ ಹಿಡಿದುಕೊಂಡು ಮೂಲೆಮನೆಗೆ ನಡೆದ.

ಬು ಕಸ್ಮಿಯವರ ಅಂಗಳದಲ್ಲಿ ಚಾಪೆ ಹಾಸಿ ಹೆಂಗಸರೆಲ್ಲ ಆಗಲೇ ಕೂತಿದ್ದರು. ವಾರ್ತಿನಿ ಬಂದಿರಲಿಲ್ಲ. ಬು ಕಸ್ಮಿ ಮಾತು ಶುರು ಮಾಡಿಯೂ ಆಗಿತ್ತು. ಕಳೆದುಹೋದ ತಮ್ಮ ಬಟ್ಟಲು, ಮುಚ್ಚಳಗಳನ್ನು ಹಾಜರಿ ಕೂಗುವ ಹಾಗೆ ಒಂದೊಂದಾಗಿ ಹೇಳಿ, ಕೊನೆಗೆ ಕ್ಯಾರಿಯರಿನ ಮಾತಿಗೆ ಬಂದಿದ್ದರು. ಸರಿಯಾಗಿ ಆಗ ಸರ್ಮಿದಿ ಬೆವರು ಒರೆಸಿಕೊಳ್ಳುತ್ತ ಎಲ್ಲರ ನಡುವೆ ದಾಟಿ ಹೋಗಿ ಅದನ್ನು ಅವರ ಮುಂದಿಟ್ಟ.

ಬು ಕಸ್ಮಿ ಮುಚ್ಚಳ ತೆಗೆದರು. ಅಡುಕುಗಳನ್ನು ಒಂದೊಂದಾಗಿ ಇಳಿಸಿದರು. ಕೊನೆಯದನ್ನು ತಲೆಯ ಮೇಲಕ್ಕೆತ್ತಿ ಅದರ ತಳ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಕನ್ನಡಕ ತೆಗೆದರು.

"ವಾರ್ತಿನಿನೇ ಕಳಿಸಿದ್ಲಾ ಇದನ್ನ? ಗೊತ್ತಿದ್ದೇ ಕಳಿಸಿದ್ಲಾ?"

"ಮತ್ತೇನು ಬು, ಅವಳೇ ಹೇಳಿ ಹೋಗಿದ್ದು. ಇದು ನಿಮ್ಮ ಕೈ ಸೇರದೆ ಇದ್ರೆ ಮುಖ ನೋಡ್ಬೇಡಿ ಅಂದಿದ್ಲು."

ಬು ಕಸ್ಮಿ ಸೆರಗಿನಂತೆ ಹೊದ್ದಿದ್ದ ತಲೆಬಟ್ಟೆಯ ಅಂಚಿನಲ್ಲಿ ಕಣ್ಣೊರೆಸಿಕೊಂಡರು. ನನಗೆ ಇನ್ನು ಮಾತಾಡುವುದು ಏನೂ ಇಲ್ಲ ಎಂದು, ಎಲ್ಲರಿಗಿಂತ ಮೊದಲು ತಮ್ಮ ಬಲಗೈ ಎತ್ತಿದರು. ಅಂಗಳದ ಕೈಗಳೆಲ್ಲ ಅದರ ಹಿಂದೆಯೇ ಎದ್ದವು. ಥರ್ಮಾಕೋಲ್ ಓಣಿಯಿಂದ ಗಡಿಪಾರಾಯಿತು.

ಸರ್ಮಿದಿ ನೆಲದ ಮೇಲೆ ಕಾಲಿಡದೆ ಮನೆಗೆ ಬಂದ. ಬಸ್ಸಿನ ಟಯರು ಪಂಕ್ಚರಾಗಿ ತಡವಾದ ವಾರ್ತಿನಿ ಸಂಜೆಯ ಪ್ರಾರ್ಥನೆಯ ಹೊತ್ತಿಗೆ ಬಂದಳು. ಓಣಿಯ ಬಾಯಲ್ಲೇ ಅವಳಿಗೆ ಸುದ್ದಿ ಸಿಕ್ಕಿತ್ತು. ನೀವು ಏನು ಮೋಡಿ ಮಾಡಿದಿರಿ, ಬು ಕಸ್ಮಿ ಅತ್ತರಂತಲ್ಲ ಎಂದು ಗಂಡನನ್ನು ಕೊಂಡಾಡುತ್ತ ಅಡುಗೆಮನೆಗೆ ಹೋದಳು.

"ರೀ, ಶೆಲ್ಫ್ ಮೇಲಿದ್ದ ನಮ್ಮಮ್ಮನ ಕ್ಯಾರಿಯರ್ ಎಲ್ಲಿ?"

ಸರ್ಮಿದಿ ಹಿಂದೆಯೇ ಬಂದು ಖಾಲಿ ಶೆಲ್ಫ್ ನೋಡಿದ. ವಾರ್ತಿನಿ ಬಗ್ಗಿ ಬೀರುವಿನ ಕೆಳಗಿನ ಬಾಗಿಲು ತೆಗೆದು, ಚೌಕಳಿ ಬಟ್ಟೆಯಲ್ಲಿ ಕಟ್ಟಿದ ಒಂದು ಗಂಟು ಹೊರಗಿಟ್ಟು ಬಿಚ್ಚಿದಳು. ಮೂರಡುಕು, ಬಿಳಿ ಎನಾಮಲ್, ಹಸಿರು ಹೂವು. ಮೂರರಲ್ಲೂ ಬೆಲ್ಲದಲ್ಲಿ ಬೇಯಿಸಿದ ಅಂಟಕ್ಕಿ ಸಿಹಿ. ನಿನ್ನೆ ಅರ್ಧ ದಿನ ಕೂತು ಮಾಡಿದ್ದು. ಇರುವೆ ಮುತ್ತುತ್ತದೆಂದು ಬೀರುವಿನಲ್ಲಿಟ್ಟಿದ್ದಳು. ತಳ ತಿರುಗಿಸಿ ತೋರಿಸಿದಳು. ಓಣಿಯ ಎಲ್ಲರೂ ಪಾತ್ರೆಯ ತಳದಲ್ಲಿ ಉಗುರುಬಣ್ಣದಿಂದ ಗುರುತು ಹಾಕುತ್ತಾರೆ. ಇದರಲ್ಲಿ ಬು ಕಸ್ಮಿಯವರ ಹೆಸರಿತ್ತು, ಸರ್ಮಿದಿ ಕೊಟ್ಟುಬಂದದ್ದರಲ್ಲಿ ವಾರ್ತಿನಿಯ ತಾಯಿಯದು.

"ಇದನ್ನ ಕಳ್ಕೊಂಡು ಬದಲಿಗೆ ನಮ್ಮಮ್ಮನದನ್ನೇ ಕೊಟ್ವಿ ಅಂದ್ಕೊಂಡಿದ್ದಾರೆ ಅವರು. ಅದಕ್ಕೇ ಅತ್ತಿದ್ದು. ಈಗ ಹೋಗಿ ವಾಪಸ್ ಕೇಳಿದ್ರೆ ಎತ್ತಿದ ಕೈ ಇಳೀದೆ ಇರುತ್ತಾ?"

ಸರ್ಮಿದಿ ಕುಸಿದು ನೆಲದ ಮೇಲೆ ಕೂತ. ಅವನ ಮುಖ ನೋಡಿ ವಾರ್ತಿನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಬೆಳಗಿನಿಂದ ಏನಾದರೂ ತಿಂದಿರಾ ಎಂದು ಕೇಳಿದಳು. ಊರಿನ ಊಟವೆಲ್ಲ ಹೊತ್ತು ತಿರುಗಿದ್ದೇನೆ, ಒಂದು ತುತ್ತು ಬಾಯಿಗೆ ಹಾಕಿಲ್ಲ ಎಂದ. ಇನ್ನು ಯಾರಿಗೆ ಎತ್ತಿಡುವುದು, ತಿನ್ನಿ ಎಂದು ಕೈಗೆ ಚಮಚ ಕೊಟ್ಟಳು. ಸರ್ಮಿದಿ ಕ್ಯಾರಿಯರನ್ನು ತೊಡೆಯ ಮೇಲಿಟ್ಟುಕೊಂಡು ಗಬಗಬ ತಿನ್ನತೊಡಗಿದ. ಎರಡನೆಯ ಅಡುಕು ಅರ್ಧಕ್ಕೆ ಬಂದಿತ್ತು.

ಅಷ್ಟರಲ್ಲಿ, ತೆರೆದೇ ಇದ್ದ ಬಾಗಿಲಲ್ಲಿ ಬು ಕಸ್ಮಿ ನಿಂತಿದ್ದರು. ಅವರ ಕೈಯಲ್ಲಿ ವಾರ್ತಿನಿಯ ತಾಯಿಯ ಕ್ಯಾರಿಯರ್, ಬಿಸಿ ಅನ್ನದಿಂದ ತುಂಬಿತ್ತು.

"ಕೊಟ್ಟ ಮನಸ್ಸು ಸಾಕಮ್ಮ, ತಾಯಿಯ ಪಾತ್ರೆ ನಾನು ಹೇಗೆ ಇಟ್ಕೊಳ್ಳಲಿ ಅಂತ…" ಎನ್ನುತ್ತಲೇ ಅವರ ಕಣ್ಣು ಸರ್ಮಿದಿಯ ತೊಡೆಯ ಮೇಲಿದ್ದ ತಮ್ಮ ಕ್ಯಾರಿಯರಿನ ಮೇಲೆ ಬಿತ್ತು.

ಚಮಚ ಸರ್ಮಿದಿಯ ಬಾಯಲ್ಲೇ ಇತ್ತು. ವಾರ್ತಿನಿ ನಿಂತಲ್ಲೇ ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿಬಿಟ್ಟಳು. ಬು ಕಸ್ಮಿ ಕೇಳಿದರು. ಮೇಜಿನ ಮೇಲೆ ಸಾಲಾಗಿದ್ದ ಐದು ಪಾತ್ರೆಗಳನ್ನು ನೋಡಿದರು. ಅವರ ಹೊಟ್ಟೆ ಮೊದಲು ಕುಲುಕಿತು, ಆಮೇಲೆ ಭುಜ. ಎದುರುಮನೆಯವರು ಬಾಗಿಲಿಗೆ ಬಂದು ನೋಡುವಷ್ಟು ನಕ್ಕರು.

"ಎತ್ತಿದ ಕೈ ಇಳಿಸೋದಿಲ್ಲ," ಎಂದರು ಕೊನೆಗೆ. "ಆದರೆ ಪಾಕ್ ಸರ್ಮಿದಿ, ನನ್ನ ಬಟ್ಟಲುಗಳು ಹೀಗೇ ಅದಲುಬದಲಾಗಿ ಈ ಓಣೀಲೇ ಇವೆ ಅನ್ನೋದು ಈಗ ಗೊತ್ತಾಯ್ತು. ನಾಳೆಯಿಂದ ಮನೆಮನೆಗೂ ಹೋಗಿ ತಳ ತಿರುಗಿಸಿ ನೋಡೋ ಕೆಲಸ ನಿಮ್ದು. ನನ್ನದಷ್ಟೇ ಅಲ್ಲ, ಯಾರದು ಸಿಕ್ಕರೂ ಅವರವರ ಮನೆಗೆ ಮುಟ್ಟಿಸಿ."

ಸರ್ಮಿದಿ ಬಾಯಲ್ಲಿದ್ದುದನ್ನು ನುಂಗಿ, ಬದುಕಿದೆ ಎಂದುಕೊಂಡು ಕೈ ಮುಗಿದ. ಬು ಕಸ್ಮಿ ಬಾಗಿಲವರೆಗೆ ಹೋದವರು ತಿರುಗಿ, ಅವನ ತೊಡೆಯ ಮೇಲಿನ ತಮ್ಮ ಕ್ಯಾರಿಯರಿನ ಕಡೆ ಬೆರಳು ಮಾಡಿದರು.

"ಇದರಿಂದಲೇ ಶುರು ಮಾಡಿ. ಖಾಲಿ ತರ್ಬೇಡಿ."