ಗಿನಿ ಹಂದಿಗಳ ಕಿವಿ ಹಾಗೂ ಪ್ರಾಣಿಪಾಲಕ ಕೂಸಪ್ಪ ಅವರ ಕಿವಿಯ ಕುರಿತು

ಔಷಧ ಪರೀಕ್ಷಾ ವಿಭಾಗ, ಪ್ರಾಣಿಗೃಹ, ಮೆಲ್ಕಾರ್
ಸಂಖ್ಯೆ: ಔಪವಿ/ಪ್ರಾಗೃ/ಕಿವಿ/12/2024-25
ದಿನಾಂಕ: 18-11-2024

ವಿಷಯ: ಚುಚ್ಚುಮದ್ದಿನಿಂದ ಕಿವಿ ಹೋಗುತ್ತದೆಂದು ಪ್ರಾಣಿಗಳಲ್ಲಿ ಸಾಬೀತಾಗುವ ಮುನ್ನ ಸಿಬ್ಬಂದಿ ಕಿವುಡಾಗದಿರುವ ಬಗ್ಗೆ.

ಉಲ್ಲೇಖ: ಶ್ರವಣಯಂತ್ರ ಕೋರಿ ಶ್ರೀ ಕೂಸಪ್ಪ ಅವರ ಅರ್ಜಿ (ಮೂರನೆಯದು).

ಶ್ರೀ ಕೂಸಪ್ಪ ಅವರು ಕಳೆದ ಆಟಿ ತಿಂಗಳ ಮಳೆಯಲ್ಲಿ ಜ್ವರ ಹಿಡಿದು ಮಲಗಿ, ಹದಿನಾಲ್ಕು ದಿನ ಚುಚ್ಚುಮದ್ದು ಪಡೆದು ಎದ್ದ ಮೇಲೆ, ಶನಿವಾರದ ಕಾವ್ಯವಾಚನದಲ್ಲಿ ವಾಚಕರ ತುಟಿ ಆಡುವುದು ಕಾಣುತ್ತದೆ, ಪದ್ಯ ಕಿವಿಗೆ ಬರುವುದಿಲ್ಲ ಎಂದು ನಿವೇದಿಸಿಕೊಂಡಿರುತ್ತಾರೆ. ಎಳವೆಯಿಂದ ಕೇಳಿದ ಪದ್ಯಗಳಾದ್ದರಿಂದ ತುಟಿ ನೋಡಿಯೇ ತಲೆದೂಗುತ್ತಿರುವುದಾಗಿಯೂ, ಹೊಸ ವಾಚಕರು ಬಂದರೆ ತಾಳ ತಪ್ಪುವುದಾಗಿಯೂ ತಿಳಿಸಿರುತ್ತಾರೆ. ಅದೇ ಮದ್ದು ಪಡೆಯುತ್ತಿರುವ ಹನ್ನೆರಡು ಗಿನಿ ಹಂದಿಗಳು ವಿಭಾಗದಲ್ಲಿರುವುದರಿಂದ, ಈ ಕೆಳಗಿನಂತೆ ತೀರ್ಮಾನಿಸಲಾಗಿದೆ:

1. ಪ್ರತಿದಿನ ಹುಲ್ಲು ಹಾಕುವ ಹೊತ್ತಿಗೆ ವಿಭಾಗಾಧಿಕಾರಿಗಳು ಗೂಡಿನೆದುರು ನಿಂತು ಕೈ ತಟ್ಟಿರುತ್ತಾರೆ. ಹನ್ನೆರಡೂ ಓಡಿ ಬಂದಿರುತ್ತವೆ. ಆದ್ದರಿಂದ ಹನ್ನೆರಡಕ್ಕೂ ಕಿವಿ ಕೇಳುತ್ತದೆ.

2. "ಅವು ಬರುವುದು ಹುಲ್ಲಿಗೆ ಮಾರಾಯ್ರೆ, ಚಪ್ಪಾಳೆಗಲ್ಲ. ಹಿಂದಿನಿಂದ ತಟ್ಟಿ ನೋಡಿ, ಒಂದರ ಕಿವಿಯೂ ಆಡುವುದಿಲ್ಲ" ಎಂಬ ಕೂಸಪ್ಪ ಅವರ ಮೌಖಿಕ ಆಕ್ಷೇಪವನ್ನು, ಹಿಂದಿನಿಂದ ತಟ್ಟುವುದು ಅಧಿಕಾರಿಗಳ ಘನತೆಗೆ ಒಪ್ಪದ ಕಾರಣ, ತಳ್ಳಿಹಾಕಲಾಗಿದೆ.

3. ಆದಾಗ್ಯೂ ಸಹಾಯಕಿ ಶುಭಶ್ರೀ ಅವರು ಹಿಂದಿನಿಂದ ತಟ್ಟಿದ್ದು, ಒಂದೂ ತಿರುಗಲಿಲ್ಲವೆಂದು ವರದಿ ಮಾಡಿರುತ್ತಾರೆ. ಇದು ಪ್ರಾಣಿಗಳ ಅಶಿಸ್ತು. ಕಾರಣ ಕೇಳುವ ನೋಟಿಸನ್ನು ಗೂಡಿಗೆ ಅಂಟಿಸಲಾಗಿದೆ. ಏಳು ಪ್ರಾಣಿಗಳು ನೋಟಿಸನ್ನು ತಿಂದಿದ್ದು, ಅದನ್ನು ಸ್ವೀಕೃತಿ ಎಂದು ಪರಿಗಣಿಸಲಾಗಿದೆ.

4. ಪ್ರಾಣಿಗೆ ಕೇಳುವಾಗ ಮನುಷ್ಯನಿಗೆ ಕೇಳದಿರುವುದು ಪ್ರಯೋಗಕ್ರಮಕ್ಕೆ ವಿರುದ್ಧ. ಕೂಸಪ್ಪ ಅವರಿಗೆ ಕಿವಿ ಕೇಳುತ್ತದೆ ಎಂದು ಈ ಮೂಲಕ ಆದೇಶಿಸಲಾಗಿದೆ. ಶ್ರವಣಯಂತ್ರದ ಪ್ರಶ್ನೆ ಉದ್ಭವಿಸುವುದಿಲ್ಲ.

5. ಅವರ ತೂಕ ಒಂದು ಗಿನಿ ಹಂದಿಯ ಎಪ್ಪತ್ತು ಪಟ್ಟು ಇರುವುದರಿಂದ, ಅವರು ಎಪ್ಪತ್ತು ಪ್ರಾಣಿಗಳಷ್ಟು ಕೇಳಿಸಿಕೊಳ್ಳತಕ್ಕದ್ದು.

6. ಗೂಡು ತೊಳೆಯುತ್ತ ಅವರು ಪ್ರಾಣಿಗಳಿಗೆ ಪದ್ಯ ಹೇಳುವುದಕ್ಕೆ ವಿಭಾಗದ ಅಡ್ಡಿಯಿಲ್ಲ. "ಅವಕ್ಕೂ ಕೇಳುವುದಿಲ್ಲ, ನನಗೂ ಕೇಳುವುದಿಲ್ಲ. ದೇವರಿಗೆ ಕೇಳ್ತದಲ್ಲ" ಎಂಬ ಅವರ ಸಮಜಾಯಿಷಿಯ ಕೊನೆಯ ಭಾಗವು ವಿಭಾಗದ ವ್ಯಾಪ್ತಿಗೆ ಬರುವುದಿಲ್ಲ.

ಸಹಿ/-
(ದೇವಿಪ್ರಸಾದ್)
ವಿಭಾಗಾಧಿಕಾರಿ

ಪ್ರತಿಗಳು:
ಅ) ಶುಭಶ್ರೀ, ಸಹಾಯಕಿ: ಇನ್ನು ಎದುರಿನಿಂದ ಮಾತ್ರ ತಟ್ಟುವುದು.
ಆ) ಗಿನಿ ಹಂದಿ 1ರಿಂದ 12: ಗೂಡಿನ ಮೇಲೆ, ಬಾಯಿಗೆ ಎಟುಕದಷ್ಟು ಎತ್ತರದಲ್ಲಿ ಅಂಟಿಸಲು.
ಇ) ಕಾವ್ಯವಾಚನ ಸಮಿತಿ, ಬಂಟ್ವಾಳ: ಕೂಸಪ್ಪ ಅವರು ತಲೆದೂಗದಿದ್ದಲ್ಲಿ ಕೂಡಲೇ ವರದಿ ಮಾಡಲು.
ಈ) ಶ್ರೀ ಕೂಸಪ್ಪ: ಆದೇಶವನ್ನು ಪೂರ್ತಿಯಾಗಿ ದೂರವಾಣಿಯಲ್ಲಿ ಓದಿ ಹೇಳಲಾಗಿದೆ. "ಹಲೋ... ಯಾರದು?" ಎಂದು ನಾಲ್ಕು ಬಾರಿ ಕೇಳಿರುತ್ತಾರೆ. ಬೇರಾವ ಆಕ್ಷೇಪವೂ ಬಾರದ ಕಾರಣ, ಒಪ್ಪಿಗೆ ಎಂದು ಬಗೆದು ಕಡತ ಮುಚ್ಚಲಾಗಿದೆ.