ಒಂದು ಕಾಲಿಗಷ್ಟೇ ಎಣ್ಣೆ

ಹೊಳಬಸಪ್ಪ ತೀರಿಕೊಂಡ. ಶನಿವಾರ, ಬೆಳಗಿನ ಹನ್ನೊಂದರ ಸುಮಾರಿಗೆ, ಗುಡಗೇರಿಯ ತನ್ನ ಮನೆಯ ಹಿತ್ತಲಲ್ಲಿ. ಹೃದಯಾಘಾತ ಎಂದು ಡಾಕ್ಟರು ಬರೆದುಕೊಟ್ಟರು. ಅರವತ್ಮೂರು ವರ್ಷ. ರೇಲ್ವೆಯಲ್ಲಿ ಗ್ಯಾಂಗಮನ್ ಆಗಿ ಮೂವತ್ತೆರಡು ವರ್ಷ ಹಳಿಯ ಮೇಲೆ ನಡೆದು ನಿವೃತ್ತನಾಗಿದ್ದ. ನಾನು ಕುಬೇರಪ್ಪ, ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತನಾದವನು. ಒಂದನೆಯ ಇಯತ್ತೆಯಿಂದ ಅವನ ಪಕ್ಕ ಕೂತವನು.

ಮಣ್ಣಿಗೆ ಬಂದವರೆಲ್ಲ ನನ್ನನ್ನು ಒಂದೇ ಪ್ರಶ್ನೆ ಕೇಳಿದರು: "ಕಡೀಕ ಏನರೆ ಮಾತಾಡಿದ್ನೇನ್ರಿ?" ಮಾತಾಡಿದ. ಒಂದು ತಾಸು ಬಿಡದೆ ಮಾತಾಡಿದ. ಆದರೆ ಅದು ಹೆಣದ ಮುಂದೆ ಕೂತು ಹೇಳುವಂಥ ಮಾತಾಗಿರಲಿಲ್ಲ. ಎಲ್ಲವೂ ಒಂದು ಹುಂಜದ ಕಾಲಿನ ಬಗ್ಗೆ. ಅಲ್ಲಿ ತಲೆಯಷ್ಟೇ ಅಲ್ಲಾಡಿಸಿದೆ. ಇಲ್ಲಿ ಬರೆಯುತ್ತೇನೆ.

ಅಂದು ಹತ್ತು ಗಂಟೆಗೆ ನಾನು ಹಿತ್ತಲಿಗೆ ಹೋದಾಗ ಹೊಳಬಸಪ್ಪ ಮಣೆಯ ಮೇಲೆ ಕೂತಿದ್ದ. ತೊಡೆಯ ಮೇಲೆ ಟವೆಲ್ಲು ಸುತ್ತಿದ ಹುಂಜ. ಮುಂದೆ ಬೋಗಾಣಿಯಲ್ಲಿ ಬೆಚ್ಚನೆಯ ನೀರು, ಬಟ್ಟಲಲ್ಲಿ ಕುಸುಬಿ ಎಣ್ಣೆ, ಹಲ್ಲುಜ್ಜಿ ಬಿಟ್ಟ ಹಳೆಯ ಬ್ರಶ್ಶು. ಎದುರಿಗೆ ಅವನ ಹೆಂಡತಿ ಬಸವಣ್ಣೆವ್ವ, ಕೈಯಲ್ಲಿ ಕಸಬರಿಗೆ ಹಿಡಿದು, ಕಸ ಹೊಡೆಯುವುದನ್ನು ಮರೆತು ನಿಂತಿದ್ದಳು.

ಬಸವಣ್ಣೆವ್ವ: ಬರ್ರಿ ಮಾಸ್ತರ್ರ, ಅಗದಿ ಟೈಮಿಗೆ ಬಂದ್ರಿ. ಈ ಮನಶ್ಯಾಗ ಕೇಳ್ರಿ, ಹುಂಜಕ್ಕ ಕಾಲ ಎಷ್ಟ ಅಂತ.

ಹೊಳಬಸಪ್ಪ: ಎರಡ. ನಾ ಏನ್ ಇಲ್ಲ ಅಂದೆನೇನು?

ಬಸವಣ್ಣೆವ್ವ: ಎಣ್ಣಿ ಎಷ್ಟಕ್ಕ ಹಚ್ಚಾಕತ್ತೀರಿ?

ಹೊಳಬಸಪ್ಪ: ಒಂದಕ್ಕ.

ಬಸವಣ್ಣೆವ್ವ: ಕೇಳಿದ್ರೆಲ್ಲ ಮಾಸ್ತರ್ರ? ಇಪ್ಪತ್ತ ದಿನ ಆತು, ಒಂದ ಕಾಲಿಗೆ ಆರೈಕಿ. ಬಲಗಾಲ ನೋಡ್ರಿ, ಮದುಮಗನ ಕಾಲ ಆಗೇತಿ. ಎಡಗಾಲ ನೋಡ್ರಿ, ಬೇವಿನ ಗಿಡದ ತೊಗಟಿ ಆಗೇತಿ. ಒಂದ ಮೈಗೆ ಎರಡ ಕಾಲ, ಎರಡ ನಮೂನಿ!

ನೋಡಿದೆ. ಅವಳು ಹೇಳಿದ್ದು ನಿಜ. ಕೋಳಿಗಳ ಕಾಲಿಗೆ ನುಸಿ ಹತ್ತಿತ್ತು. ಕಣ್ಣಿಗೆ ಕಾಣದಷ್ಟು ಸಣ್ಣ ಹುಳ. ಕಾಲಿನ ಪದರಿನ ಕೆಳಗೆ ಹೊಕ್ಕು ಕೊರೆಯುತ್ತದೆ, ಪದರುಗಳು ಎದ್ದು ಬಿಳಿ ಹುರುಪೆ ಕಟ್ಟುತ್ತದೆ. ಬೆಚ್ಚನೆಯ ನೀರಿನಲ್ಲಿ ಕಾಲು ನೆನೆಸಿ, ಬ್ರಶ್ಶಿನಿಂದ ಹಗೂರಕ್ಕೆ ತಿಕ್ಕಿ, ಒರೆಸಿ, ಎಣ್ಣೆ ಹಚ್ಚಿದರೆ ಹುಳ ಉಸಿರುಗಟ್ಟಿ ಸಾಯುತ್ತದೆ, ಬಿಡದೆ ಕೆಲವು ವಾರ ಮಾಡಬೇಕು ಎಂದು ದನದ ದವಾಖಾನೆಯ ಡಾಕ್ಟರು ಹೇಳಿದ್ದರು. ಹೊಳಬಸಪ್ಪ ಆರು ಕೋಳಿಗಳಿಗೆ ಹಾಗೇ ಮಾಡಿದ್ದ. ಅವು ರಾತ್ರಿ ಕೂಡುವ ಬಿದಿರಿನ ಗಳಕ್ಕೂ ಎಣ್ಣೆ ಬಳಿದಿದ್ದ. ಉಳಿದದ್ದು ಜಗತ್ತಿನಲ್ಲಿ ಈ ಒಂದು ಎಡಗಾಲು ಮಾತ್ರ.

ನಾನು: ಡಾಕ್ಟರ್ ಒಂದ ಕಾಲಿಗೆ ಹಚ್ಚು ಅಂದಿದ್ರೇನೊ?

ಹೊಳಬಸಪ್ಪ: ಎರಡಕ್ಕೂ ಅಂದ್ರು. ಅವರಿಗೆ ನಮ್ಮ ಮನಿ ಪರಿಸ್ಥಿತಿ ಗೊತ್ತಿಲ್ಲ.

ನಾನು: ಏನ್ ಐತಿ ಪರಿಸ್ಥಿತಿ?

ಹೊಳಬಸಪ್ಪ: ನಾಳೆ ನವಲಗುಂದದಿಂದ ಬೀಗರು ಬರ್ತಾರ. ನಮ್ಮ ದುರ್ಗಾನ ಮಾವ, ಅತ್ತಿ. ಲಗ್ನ ಆದ ಮ್ಯಾಲ ಮೊದಲನೇ ಊಟ. ನಮ್ಮ ಮನೆತನದ ಪದ್ಧತಿ ನಿನಗ ಗೊತ್ತಿಲ್ಲೇನು? ಕೊಯ್ಯೂಕಿಂತ ಮೊದಲ ಹುಂಜನ್ನ ಬೀಗರ ಕೈಯಾಗ ಕೊಡಬೇಕು. ಬೀಗರು ಒಂದ ಕಾಲ ಹಿಡೀಬೇಕು, ಬೀಗತಿ ಒಂದ ಕಾಲ ಹಿಡೀಬೇಕು. ಇಬ್ರೂ ಎತ್ತಿ ನೋಡಿ ಹೂಂ ಅನಬೇಕು. ಆಮ್ಯಾಲ ಕುಡಗೋಲು.

ನಾನು: ಅದಕ್ಕ?

ಹೊಳಬಸಪ್ಪ: ಹುರುಪಿ ಹತ್ತಿದ ಕಾಲ ಬೀಗತಿ ಕೈಯಾಗ ಕೊಡಾಕ ಬರತೈತೇನು? ಬರೂದಿಲ್ಲ. ಒಂದ ಕಾಲ ಕೆಟ್ಟಿದ್ರ ಸಾಹೇಬ ಉಳದ. ಎರಡೂ ಕೆಟ್ಟಿದ್ರ ಪಾಪ ಅವ ನಡಿಯೂದಾದ್ರೂ ಹೆಂಗ? ಅದಕ್ಕ ಹಂಚಿಕೊಂಡೀವಿ. ಒಂದ ಕಾಲ ನಡ್ಯಾಕ, ಒಂದ ಕಾಲ ಬದಕಾಕ.

ಸಾಹೇಬ ಎಂದರೆ ಹುಂಜ. ಕತ್ತು ಚಾಚಿ, ಏನೂ ಕೆಲಸ ಮಾಡದೆ, ಎಲ್ಲರನ್ನೂ ಬೈಯುತ್ತ ಅಡ್ಡಾಡುತ್ತದೆ ಎಂದು ತನ್ನ ಹಳೆಯ ಮೇಲಧಿಕಾರಿಯ ನೆನಪಿಗೆ ಆ ಹೆಸರಿಟ್ಟಿದ್ದ.

ಹೊಳಬಸಪ್ಪ: ಮಂಗಳವಾರ ನಾಗರ ಅಮಾಸಿ. ಅಲ್ಲೀತನಕ ಎಳದ್ರ ಮುಂದ ಶ್ರಾವಣ. ಒಂದ ತಿಂಗಳ ಈ ಮನ್ಯಾಗ ಯಾರೂ ಕುಡಗೋಲ ಮುಟ್ಟಂಗಿಲ್ಲ.

ಬಸವಣ್ಣೆವ್ವ: ಶ್ರಾವಣ ಆದ ಮ್ಯಾಲ?

ಹೊಳಬಸಪ್ಪ: ಆಮ್ಯಾಲ ಬಲಗಾಲ ಕೆಡಸ್ತೀನಿ.

ಬಸವಣ್ಣೆವ್ವ ಕಸಬರಿಗೆಯನ್ನು ಕೆಳಗೆ ಒಗೆದಳು.

ಬಸವಣ್ಣೆವ್ವ: ನಿಮಗ ಹುಂಜದ ಚಿಂತಿ. ನನ್ನ ಮಗಳು ಆ ಮನ್ಯಾಗ ಬಾಳವಿ ಮಾಡಬೇಕು. 'ನಿಮ್ಮಪ್ಪ ಬೀಗರಿಗೆ ಒಂದ ಹುಂಜ ಕೊಯ್ಯಲಿಲ್ಲ' ಅಂತ ನಾಳೆ ಅವರತ್ತಿ ಅಂದ್ರ, ದುರ್ಗಾ ಏನ್ ಹೇಳಬೇಕು? 'ನಮ್ಮಪ್ಪ ಅದರ ಒಂದ ಕಾಲ ನೌಕರಿಗೆ ಇಟ್ಟಾನ' ಅನಬೇಕೇನು?

ಹೊಳಬಸಪ್ಪ: ಜಡ್ಡಿನ ಹುಂಜ ಕೊಯ್ದ್ರಂತ ಅನಿಸಿಕೊಳ್ಳೂದು ಚೊಲೊನೇನು?

ಬಸವಣ್ಣೆವ್ವ: ಬೀಗತಿಗೆ ಬಲಗಾಲ ಕೊಡ್ತೀನಿ. ಬೀಗರಿಗೆ ಎಡಗಾಲ. ಬೀಗರಿಗೆ ಕಣ್ಣಾಗ ಪೊರಿ ಬಂದೈತಿ, ಕಾಣಂಗಿಲ್ಲ.

ಹೊಳಬಸಪ್ಪ: ಪೊರಿ ಕಣ್ಣಿಗೆ ಬಂದೈತಿ, ಕೈಗೆ ಬಂದೈತೇನು? ಹಿಡದ ಕೂಡ್ಲೇ ಗೊತ್ತಾಗತೈತಿ.

ಬಸವಣ್ಣೆವ್ವ: ಹಂಗಾರ ಎಡಗಾಲಿಗೆ ಅರಿಷಿಣ ಬಳದು, ಹೊಸಾ ಅರಿವಿ ಸುತ್ತತೀನಿ. ಮಾನ ಮಾಡೇವಿ ಅಂತೀನಿ.

ಹೊಳಬಸಪ್ಪ: ಒಂದ ಕಾಲಿಗಷ್ಟ ಮಾನ? ಯಾರರೆ ಕೇಳಿದ್ರ ನಗ್ತಾರ.

ಬಸವಣ್ಣೆವ್ವ: ಒಂದ ಕಾಲಿಗಷ್ಟ ಔಷಧ ಮಾಡೂಮುಂದ ಯಾರೂ ನಗಲಿಲ್ಲೇನು?

ಇಲ್ಲಿ ನಾನು ಮಾಸ್ತರಿಕೆ ತೋರಿಸಲು ಹೋದೆ. ಅದು ನನ್ನ ತಪ್ಪು.

ನಾನು: ಹೊಳಬ್ಯಾ, ಎಡಗಾಲಿನ ನುಸಿ ಅಲ್ಲೇ ಇರ್ತಾವೇನು? ಬಲಗಾಲಿಗೆ ದಾಟತಾವು. ನೀ ಇಪ್ಪತ್ತ ದಿನ ಮಾಡಿದ್ದ ವ್ಯರ್ಥ.

ಹೊಳಬಸಪ್ಪ: ದಾಟತಾವು. ಅದಕ್ಕ ದಿನಾ ಹಚ್ಚಾಕತ್ತೇನಿ. ಅವು ದಾಟತಾವು, ನಾ ಕೊಲ್ತೀನಿ. ಲೆವೆಲ್ ಕ್ರಾಸಿಂಗ್ ಇದ್ದಂಗ. ಮಾತ ಸಾಕು, ಬಾ ಇಲ್ಲೆ, ಹುಂಜ ಹಿಡಿ.

ನಾನು: ನಾನಾ? ನಾ ಜನ್ಮದಾಗ ಕೋಳಿ ಮುಟ್ಟಿಲ್ಲ.

ಹೊಳಬಸಪ್ಪ: ತಿನ್ನು ಅಂದೆನೇನು? ಹಿಡಿ ಅಂದೆ. ಇಕಿ ಹಿಡದ್ರ ಸೀದಾ ಒಲಿಗೆ ಒಯ್ತಾಳ.

ಬಸವಣ್ಣೆವ್ವ: ಬ್ಯಾಡ್ರಿ ಮಾಸ್ತರ್ರ! ನಿಮ್ಮ ಮನಿಯಾಕಿ ಕಸ್ತೂರೆವ್ವಕ್ಕಗ ಗೊತ್ತಾದ್ರ ನಿಮ್ಮನ್ನ ಹೊರಗ ನಿಲ್ಲಿಸಿ ಎರಡ ಕೊಡ ನೀರ ಸುರೂತಾಳ.

ಹೊಳಬಸಪ್ಪ: ಸುರೀಲಿ. ಇವಗೂ ಜಳಕ ಆಗಿ ಭಾಳ ದಿನ ಆಗಿರಬೇಕು.

ಹಿಡಿದೆ. ಅಂಗಿಯೊಳಗೆ ಇಷ್ಟಲಿಂಗ, ಅಂಗಿಯ ಹೊರಗೆ ಹುಂಜ. ಗರಿಯ ಕೆಳಗೆ ಅದರ ಎದೆ ನನ್ನ ಅಂಗೈಗೆ ಬಡಿಯುತ್ತಿತ್ತು, ಗಡಿಯಾರಕ್ಕಿಂತ ಜೋರಾಗಿ. ಅದನ್ನು ಎಣಿಸುತ್ತ ನಿಂತೆ. ಎದುರಿಗೆ ಕೂತವನ ಹಣೆ ಬೆವತಿತ್ತು. ಬಿಸಿನೀರಿನ ಹಬೆ ಎಂದುಕೊಂಡೆ. ಆ ಹೊತ್ತಿನಲ್ಲಿ ಎಣಿಸಬೇಕಾಗಿದ್ದ ಎದೆ ಬೇರೆ ಇತ್ತು.

ನಾನು: ಅಲ್ಲೋ, ಒಂದ ಹುಂಜದ ಸಲುವಾಗಿ ಇಷ್ಟ ಯಾಕ?

ಹೊಳಬಸಪ್ಪ: ಮೂವತ್ತೆರಡ ವರ್ಷ ನಸುಕಿನ್ಯಾಗ ಎದ್ದು ಡ್ಯೂಟಿಗೆ ಹ್ವಾದವ ನಾ. ಈಗ ಎದ್ದೇಳು ಅನ್ನಾವ ಇವನೊಬ್ಬನ.

ಬಸವಣ್ಣೆವ್ವ: ನಾ ಎಬ್ಬಸಂಗಿಲ್ಲೇನು?

ಹೊಳಬಸಪ್ಪ: ನೀ ಹಾಲ ತರಾಕ ಎಬ್ಬಸ್ತೀ ಬೇ. ಅವ ಬರೇ ಎಬ್ಬಸ್ತಾನ.

ಬಲಗಾಲಿನ ಕೆಲಸ ಮುಗಿಸಿ, ಸುಮ್ಮನೆ ನೋಡೋಣವೆಂದು ಎಡಗಾಲನ್ನು ಮುಟ್ಟಿದ ಹೊಳಬಸಪ್ಪ ಕೈ ಹಿಂದಕ್ಕೆ ತೆಗೆದ. ಮತ್ತೆ ಮುಟ್ಟಿದ. ಕನ್ನಡಕ ಹಾಕಿಕೊಂಡು ನೋಡಿದ. ಒಂದು ಬಿಳಿ ಹುರುಪೆ ಅವನ ಬೆರಳಿಗೆ ತಾನಾಗಿ ಕಳಚಿ ಬಂತು. ಅದರ ಕೆಳಗೆ ಹೊಸ ಪದರು ನುಣುಪಾಗಿ ಕಾಣುತ್ತಿತ್ತು.

ಹೊಳಬಸಪ್ಪ: ಲೇ ಕುಬೇರ್ಯಾ! ಘಾತ ಆತಲೋ!

ನಾನು: ಏನಾತು?

ಹೊಳಬಸಪ್ಪ: ಗುಣಾ ಆಗಾಕತ್ತೇತಿ!

ನಾನು: ಚೊಲೊ ಆತಲ್ಲ?

ಹೊಳಬಸಪ್ಪ: ಏನ್ ಚೊಲೊ? ನಾಳೆ ಮುಂಜಾನಿತನಕ ಇನ್ನಷ್ಟ ಉದುರಿತಂದ್ರ ಇವನ ಕತಿ ಮುಗೀತು! ಔಷಧ ಮಾಡಲಾರದ ಹೆಂಗ ಗುಣಾ ಆತು? ಯಾರ ಮಾಡಿದ್ರು ಈ ಕೆಲಸಾ?

ಬಸವಣ್ಣೆವ್ವ ಗೋಡೆಯ ಕಡೆ ಮುಖ ತಿರುಗಿಸಿ ಬಹಳ ಗಮನವಿಟ್ಟು ಗೋಡೆಯನ್ನು ನೋಡುತ್ತಿದ್ದಳು.

ಹೊಳಬಸಪ್ಪ: ಬಸವಣ್ಣೀ.

ಬಸವಣ್ಣೆವ್ವ: ಹತ್ತ ದಿನ ಆತು. ನಸುಕಿನ್ಯಾಗ ನೀವು ಸ್ಟೇಶನ್ ಕಡೆ ಅಡ್ಡಾಡಾಕ ಹೋಗೂದ ತಡ, ನಾ ಎಡಗಾಲಿಗೆ ಎಣ್ಣಿ ಹಚ್ಚತಿದ್ದೆ.

ಹೊಳಬಸಪ್ಪ: ನನ್ನ ಬೆನ್ನ ಹಿಂದ? ನನ್ನ ಹುಂಜದ ಕಾಲಿಗೆ?

ಬಸವಣ್ಣೆವ್ವ: ನಿಮ್ಮ ಕಾಲ ಬಲಗಾಲ. ಎಡಗಾಲ ಯಾರೂ ಕೇಳಾರಿದ್ದಿಲ್ಲ, ನಾ ತುಗೊಂಡೆ.

ಹುಂಜ ಒಂದೇ ಸಮ ನನ್ನನ್ನು ನೋಡುತ್ತಿತ್ತು. ಗಂಡ ಹೆಂಡತಿ ಇಬ್ಬರೂ ಸೇರಿ ಅದಕ್ಕೆ ಪೂರ್ಣ ಚಿಕಿತ್ಸೆ ಮಾಡಿದ್ದರು. ಒಬ್ಬ ಉಳಿಸಲು, ಒಬ್ಬಳು ಕೊಯ್ಯಲು. ಹೊಳಬಸಪ್ಪ ಗೋಡೆಗೆ ಬೆನ್ನು ಕೊಟ್ಟು ಕೂತ. ಆಮೇಲೆ ಅವನ ಮುಖಕ್ಕೆ ಒಂದು ಉಪಾಯ ಬಂತು. ಅವನ ಉಪಾಯಗಳು ಮೊದಲು ಮುಖಕ್ಕೇ ಬರುತ್ತಿದ್ದವು.

ಹೊಳಬಸಪ್ಪ: ಕುಬೇರ್ಯಾ, ನನ್ನ ಕಿಸೆದಾಗ ಫೋನ್ ಐತಿ. ತಗದು ಬೀಗರಿಗೆ ಹಚ್ಚು. ನನ್ನ ಕೈ ಎಣ್ಣಿ ಆಗೇತಿ.

ಬಸವಣ್ಣೆವ್ವ: ಏನ್ ಹೇಳ್ತೀರಿ ಅವರಿಗೆ? ಬರಬ್ಯಾಡ್ರಿ ಅಂತೀರೇನು? ಮಾಸ್ತರ್ರ, ಹಚ್ಚಬ್ಯಾಡ್ರಿ!

ಒಂದು ಕಂಕುಳಲ್ಲಿ ಹುಂಜ ಇಟ್ಟುಕೊಂಡು ಇನ್ನೊಂದು ಕೈಯಿಂದ ಹಚ್ಚಿದೆ. ಐವತ್ತೇಳು ವರ್ಷದಿಂದ ಅವನು ಹೇಳಿದ್ದನ್ನು ಮಾಡಿ ಆಮೇಲೆ ಯೋಚಿಸುವುದು ನನ್ನ ರೂಢಿ. ಸ್ಪೀಕರ್ ಹಾಕಿ ಅವನ ಬಾಯಿಯ ಹತ್ತಿರ ಹಿಡಿದೆ.

ಹೊಳಬಸಪ್ಪ: ಬೀಗರ, ಆರಾಮ್ರೀ? ನಾಳೆ ಬರೂದ ಖರೇನಲ್ರಿ?

ಬೀಗರು: ಖರೇರಿ, ಖರೇರಿ. ಹತ್ತರ ಬಸ್ಸಿಗೆ ಹೊಂಡತೀವಿ.

ಹೊಳಬಸಪ್ಪ: ಭಾಳ ಸಂತೋಷ. ಬರೂಮುಂದ ಒಂದ ಹುಂಜ ತುಗೊಂಡ ಬರ್ರಿ.

ಬಸವಣ್ಣೆವ್ವ ಸೆರಗಿನಿಂದ ಮುಖ ಮುಚ್ಚಿಕೊಂಡು ಕೆಳಗೆ ಕೂತುಬಿಟ್ಟಳು. ಊಟಕ್ಕೆ ಕರೆದು, ಊಟದ ಹುಂಜವನ್ನೂ ನೀವೇ ತನ್ನಿ ಎಂದು ಬೀಗರಿಗೆ ಹೇಳಿದವನು ಕುಂದಗೋಳ ತಾಲೂಕಿನಲ್ಲಿ ಅದಕ್ಕೂ ಮುಂಚೆ ಹುಟ್ಟಿರಲಿಲ್ಲ. ಫೋನಿನಲ್ಲಿ ನವಲಗುಂದದ ಬಸ್ಸುಗಳ ಹಾರ್ನ್ ಕೇಳುತ್ತಿತ್ತು.

ಬೀಗರು: ಹುಂಜ... ತರಬಹುದಿತ್ರಿ. ಆದ್ರ ಹೆಂಗ ಹೇಳೂದು ಅಂತ...

ಹೊಳಬಸಪ್ಪ: ಹೇಳ್ರಿ, ನಾವೇನ್ ಹೊರಗಿನವ್ರೇನು?

ಬೀಗರು: ನಮ್ಮ ಹುಂಜಗೋಳ ಕಾಲು ಚೊಲೊ ಇಲ್ರಿ. ಬಿಳೇ ಹುರುಪಿ ಎದ್ದಾವು. ಲಗ್ನದಾಗ ದುರ್ಗಾನ ಸಂಗಾಟ ನೀವು ಎರಡ ಕೋಳಿ ಕಳಿಸಿದ್ರೆಲ್ಲ, ಅವು ಬಂದು ಎರಡ ತಿಂಗಳಿಗೆ ಶುರು ಆತು. ನಿಮಗ ಬ್ಯಾಸರ ಆದೀತಂತ ನಾವು ಬಾಯಿ ಬಿಟ್ಟಿದ್ದಿಲ್ಲ.

ಸೆರಗು ಕೆಳಗೆ ಬಂತು. ಬಸವಣ್ಣೆವ್ವಳ ಒಂದು ಕಣ್ಣು ಕಾಣಿಸಿತು.

ಬೀಗರು: ನಾಳೆ ನೀವು ಹುಂಜ ಕೈಯಾಗ ಕೊಡ್ತೀರಂತ ದುರ್ಗಾ ಹೇಳಿದ್ಲು. ಆವಾಗ ಕಾಲ ನೋಡಿ ಏನ್ ಅನಬೇಕು ಅಂತ ನಮ್ಮ ಮನಿಯಾಕಿ ಮೂರ ದಿನದಿಂದ ಚಿಂತಿ ಮಾಡಾಕತ್ತಾಳ್ರಿ.

ಬಸವಣ್ಣೆವ್ವ ಎದ್ದು ಬಂದು ಫೋನಿಗೆ ಬಾಯಿ ಹಚ್ಚಿದಳು.

ಬಸವಣ್ಣೆವ್ವ: ಬೀಗರ, ನಾ ಬಸವಣ್ಣೆವ್ವ. ನಿಮ್ಮ ಹುಂಜ ಎಷ್ಟ ಅದಾವ್ರಿ?

ಬೀಗರು: ಮೂರ ಅದಾವ್ರಿ.

ಬಸವಣ್ಣೆವ್ವ: ಮೂರೂ ತುಗೊಂಡ ಬರ್ರಿ. ಊಟಕ್ಕಲ್ಲ, ಔಷಧಕ್ಕ. ಇಲ್ಲೆ ಇಬ್ರು ಡಾಕ್ಟರ್ ಅದೀವಿ. ಎಡಗಾಲ ನಾ ನೋಡ್ತೀನಿ, ಬಲಗಾಲ ಇವರು ನೋಡ್ತಾರ.

ಬೀಗರು: ಮತ್ತ... ಊಟಕ್ಕ?

ಬಸವಣ್ಣೆವ್ವ: ತತ್ತಿ ಮಾಡ್ತೀನ್ರಿ. ತತ್ತಿಗೆ ಕಾಲ ಇರಂಗಿಲ್ಲ.

ಬೀಗರು ನಕ್ಕರು. ಅವರ ಹಿಂದೆ ಯಾರೋ ಹೆಂಗಸೂ ನಕ್ಕಳು, ಬೀಗತಿಯೇ ಇರಬೇಕು. ನಾನು ಫೋನನ್ನು ಅವನ ಕಿಸೆಗೆ ಇಟ್ಟೆ.

ಬಸವಣ್ಣೆವ್ವ: ಇನ್ನರೆ ಎರಡೂ ಕಾಲಿಗೆ ಹಚ್ಚತೀರೋ ಇಲ್ಲೊ?

ಹೊಳಬಸಪ್ಪ: ಎಡಗಾಲ ನಿಂದಲ್ಲೇನು?

ಬಸವಣ್ಣೆವ್ವ: ಇವತ್ತೊಂದ ದಿನ ನನ್ನ ಡ್ಯೂಟಿ ನೀವು ಮಾಡ್ರಿ. ನಾ ಚಾ ಇಡ್ತೀನಿ.

ಅವಳು ಒಳಗೆ ಹೋದಳು. ಹೊಳಬಸಪ್ಪ "ಗಟ್ಟಿ ಹಿಡಿಯೋ" ಎಂದ. ಅದೇ ಅವನ ಕಡೆಯ ಮಾತು. ಹುಂಜದ ಎಡಗಾಲನ್ನು ಬೋಗಾಣಿಯ ನೀರಿನಲ್ಲಿ ಅದ್ದಿದ. ಬ್ರಶ್ಶಿನಿಂದ ಮೇಲಿಂದ ಕೆಳಕ್ಕೆ ಹಗೂರಕ್ಕೆ ತಿಕ್ಕಿದ. ಟವೆಲ್ಲಿನ ಚುಂಗಿನಿಂದ ಒರೆಸಿದ. ಬಟ್ಟಲಲ್ಲಿ ಬೆರಳದ್ದಿ ಮಂಡಿಯಿಂದ ಎಣ್ಣೆ ಹಚ್ಚುತ್ತ ಬಂದ. ಪದರಿನ ಸಂದಿಗೆ, ಮುಂದಿನ ಮೂರು ಬೆರಳಿಗೆ. ಹಿಂದಿನ ಬೆರಳೊಂದು ಉಳಿದಿತ್ತು. ಅದಕ್ಕೂ ಹಚ್ಚಿದ.