ಟಬ್ಬಿನ ಬಾಣಂತಿ

ಬೆಳಗಾಗುತ್ತಲೇ ಹಿತ್ತಲಿನ ಟಬ್ಬಿನ ಸುತ್ತ ಉದುರಿದ ಭತ್ತದ ಹೊಟ್ಟನ್ನು ಗುಡಿಸುವುದು ದುಂಡೇಶನ ಪಾಲಿನ ಕೆಲಸ. ಅಂದು ಒಂದು ಮೂಲೆಯಲ್ಲಿ ಹೊಟ್ಟು ತುಸು ಹೆಚ್ಚೇ ಉದುರಿತ್ತು. ಇಲಿ ಇರಬೇಕೆಂದು ಅವನು ಟಬ್ಬಿಗೆ ಹೊದಿಸಿದ್ದ ಕೌದಿಯ ಅಂಚಿನೊಳಗೆ ಕೈ ತೂರಿಸಿದ. ಒಳಗಿದ್ದದ್ದು ಅವನ ಹೆಬ್ಬೆರಳನ್ನು ಕುಕ್ಕಿತು.

ಗಣೇಶಗುಡಿಯಲ್ಲಿ ದುಂಡೇಶನದು ಎರಡು ಕೋಣೆಯ ಹೋಮ್‌ಸ್ಟೇ. ಕಾಳಿ ನದಿಯಲ್ಲಿ ರಾಫ್ಟಿಂಗ್ ಮುಗಿಸಿ ಗಡಗಡ ನಡುಗುತ್ತ ಬರುವವರು ಕುತ್ತಿಗೆಯವರೆಗೆ ಬಿಸಿನೀರಿನಲ್ಲಿ ಮುಳುಗಿ ಕೂರಲಿ ಎಂದು, ಮುಚ್ಚಿಹೋದ ರೆಸಾರ್ಟೊಂದರಿಂದ ಹೀಟರ್ ಇರುವ ದೊಡ್ಡ ಟಬ್ಬನ್ನು ತಂದಿದ್ದ. ಅದು ಬಂದ ಮೊದಲ ತಿಂಗಳು ಹಬ್ಬದೂಟಕ್ಕೆ ಕೂತ ಹೊಸ ಅಳಿಯನಂತೆ ಕರೆಂಟು ತಿಂದಿತು. ಬಿಲ್ಲು ನೋಡಿದ ಹೆಂಡತಿ ಸುವರ್ಣಾ ಕೂಗಾಡಲಿಲ್ಲ. ಕೂಗಾಡಿದ್ದರೆ ಅವನಿಗೆ ಧೈರ್ಯವಿರುತ್ತಿತ್ತು. "ಈ ತಿಂಗಳೂ ಹಿಂಗ ಆದ್ರ, ಇದನ್ನ ಗೋದು ಮಾವಶಿ ಎಮ್ಮಿಗೆ ನೀರು ಕುಡ್ಯಾಕ ಕೊಡತೇನಿ" ಎಂದು ಮೆಲ್ಲಗೆ ಹೇಳಿ ರೊಟ್ಟಿ ಬಡಿಯತೊಡಗಿದಳು.

ಆಗ ಕೈಹಿಡಿದವರು ಎದುರುಮನೆಯ ಉದಯಕುಮಾರ ಕಾಕಾ. ಕಾಗದದ ಕಾರ್ಖಾನೆಯ ಬಾಯ್ಲರ್ ಮುಂದೆ ದುಡಿದು ನಿವೃತ್ತರಾದವರು. ಬಾಯ್ಲರ್ ಬಿಟ್ಟು ಬಂದರೂ ಅದರ ಮಾತು ಬಿಟ್ಟು ಬಂದಿರಲಿಲ್ಲ. "ಬಿಸಿ ಅಂಬೋದು ಹರೇದ ಹುಡುಗರಿದ್ದಂಗ, ತಮ್ಮಾ. ಬಾಗಲಾ ಹಾಕಿದ್ರ ಮನ್ಯಾಗ ಇರತೈತಿ, ತಗದ್ರ ಓಡಿ ಹೋಗತೈತಿ" ಎಂದು ಟಬ್ಬಿನ ಸುತ್ತ ಹಲಗೆ ಹೊಡೆಸಿ, ನಡುವೆ ಹೊಟ್ಟು ತುಂಬಿಸಿ, ಮೇಲೆ ಮುಚ್ಚಳ ಇಡಿಸಿ, ಮನೆಯಲ್ಲಿದ್ದ ಕೌದಿಗಳನ್ನೆಲ್ಲ ಹೊದಿಸಿದರು. ಪರಿಣಾಮ ಮೀಟರಿನಲ್ಲೇ ಕಂಡಿತು. ಮೊದಲು ಕಣ್ಣಿಗೆ ಧೂಳು ಬಿದ್ದವರ ಹಾಗೆ ಪಟಪಟ ಬಡಿದುಕೊಳ್ಳುತ್ತಿದ್ದ ಅದರ ಕೆಂಪು ದೀಪ, ಈಗ ಉಂಡು ಕಟ್ಟೆಯ ಮೇಲೆ ಕೂತ ಮುದುಕರ ಹಾಗೆ ಯಾವಾಗಲೋ ಒಮ್ಮೆ ಕಣ್ಣು ಮಿಟುಕಿಸುತ್ತಿತ್ತು.

ಟಬ್ಬಿಗೆಂದೇ ಕೋಣೆ ಹಿಡಿದ ಹುಬ್ಬಳ್ಳಿಯ ಗಂಡ ಹೆಂಡತಿ ಅಂದು ಸಂಜೆ ಬರುವವರಿದ್ದರು. ಸುವರ್ಣಾಳ ಹೊಸ ಕರಾರಿನಂತೆ, ಅವರು ಮೆಚ್ಚಿದರೆ ಟಬ್ಬು ದುಂಡೇಶನದು. ಇಲ್ಲವಾದರೆ ಎಮ್ಮೆಯದು.

ಬೆರಳು ಚೀಪುತ್ತ ಅವನು ಕೌದಿ ಎತ್ತಿ ನೋಡಿದ. ಬೆಚ್ಚಗಿನ ಹೊಟ್ಟಿನಲ್ಲಿ ಗುಂಡಿ ಮಾಡಿಕೊಂಡು, ಪುಕ್ಕ ಉಬ್ಬಿಸಿಕೊಂಡು, ಪಕ್ಕದ ಮನೆಯ ಗೋದುಬಾಯಿಯ ಕೆಂಪು ಹ್ಯಾಟೆ ಕೋಳಿ ಅವನನ್ನೇ ದಿಟ್ಟಿಸುತ್ತಿತ್ತು.

"ಅಪ್ಪಾ, ಒಂದು ಕೇಳ್ಲಿ?" ಹಿಂದೆ ನಿಂತಿದ್ದ ಏಳು ವರ್ಷದ ಮಗಳು ಸ್ವಪ್ನಾ ಅವನ ಅಂಗಿ ಜಗ್ಗಿದಳು.

"ಈಗ ಬ್ಯಾಡವ್ವಾ. ಮೊದಲ ಇದನ್ನ ಎಬ್ಬಸೂಣು."

ಎಬ್ಬಿಸಹೋದವನ ಮೊಣಕೈಗೆ ಇನ್ನೊಂದು ಕುಕ್ಕು ಬಿತ್ತು. ಕೋಳಿ ಕಿರುಚಿತು, ಅವನೂ ಕಿರುಚಿದ. ಬೇಲಿಯಾಚೆಯಿಂದ ಗೋದುಬಾಯಿ ಸೀರೆ ಎತ್ತಿ ಕಟ್ಟಿಕೊಂಡು ಓಡಿಬಂದಳು. ಕೋಳಿ ಕಾಣೆಯಾದಾಗಿನಿಂದ, ಅದನ್ನು ದುಂಡೇಶನ ಗಿರಾಕಿಗಳೇ ಸುಕ್ಕಾ ಮಾಡಿಸಿಕೊಂಡು ತಿಂದರೆಂದು ಅವಳು ಓಣಿಗೆಲ್ಲ ಸಾರಿದ್ದಳು.

"ಅಯ್ಯ ನನ ಬಂಗಾರೀ! ಇಲ್ಲಿ ಕಾವಿಗೆ ಕೂತೀ ಏನ? ಏ ದುಂಡೇಶಾ, ಕೈ ತಗಿ! ಕಾವಿಗೆ ಕೂತಾಕಿನ್ನ ಎಬ್ಬಸ್ತಾರೇನು?"

"ಮಾವಶಿ, ಸಂಜೀಕ ಮಂದಿ ಬರ್ತಾರ. ಬುಟ್ಟ್ಯಾಗ ಇಟ್ಟು ನಿಮ್ಮನೀಗೆ ಒಯ್ರಿ."

"ಸುವರ್ಣಾ, ಕೇಳಿದೇನ ನಿನ ಗಂಡನ ಮಾತು? ಬಾಣಂತೀನ್ನ ಬುಟ್ಟ್ಯಾಗ ಹೊತ್ಕೊಂಡು ಹೋಗಬೇಕಂತ!"

ಸುವರ್ಣಾ ಹಿಟ್ಟಿನ ಕೈಯಲ್ಲೇ ಹೊರಬಂದಳು. ಕೋಳಿಯನ್ನು ನೋಡಿದಳು, ಗಂಡನನ್ನು ನೋಡಿದಳು. ಯಾರ ಕಡೆ ಎಂಬುದು ಅಷ್ಟರಲ್ಲೇ ತೀರ್ಮಾನವಾಗಿಹೋಯಿತು. "ಸ್ವಪ್ನಾ ಹುಟ್ಟಿದಾಗ ನನ್ನ ಹಿಂಗ ಎಬ್ಬಿಸಿದ್ರೇನ್ರಿ?"

ಉದಯಕುಮಾರ ಕಾಕಾ ಬ್ಯಾಟರಿ ಹಿಡಿದು ಬಂದರು. "ಎಷ್ಟ ತತ್ತಿ ಅದಾವು ನೋಡೂಣು. ಲೋಡ್ ಗೊತ್ತಾಗಬೇಕು" ಎಂದು ಬಗ್ಗಿದರು.

ಗೋದುಬಾಯಿ ಅಡ್ಡ ನಿಂತಳು. "ಕಾವಿನ ತತ್ತಿ ನೋಡಬಾರದು, ಎಣಸಬಾರದು. ದೃಷ್ಟಿ ಆಗತೈತಿ. ಇಷ್ಟ ವಯಸ್ಸಾಗೇತಿ, ತಿಳಿಯೂದಿಲ್ಲೇನು?"

"ಮಾವಶಿ, ತತ್ತಿ..." ಎಂದು ಸ್ವಪ್ನಾ ಬಾಯಿ ತೆರೆದಳು.

"ಎಣಸಬ್ಯಾಡ ಅಂದ್ರ ಎಣಸಬ್ಯಾಡ!" ಎಂದು ದೊಡ್ಡವರೆಲ್ಲ ಒಂದೇ ಸಲ ಹೇಳಿದರು. ಆ ಓಣಿಯಲ್ಲಿ ಅವರು ಒಮ್ಮತಕ್ಕೆ ಬಂದದ್ದು ಬಹುಶಃ ಅದೇ ಮೊದಲು.

ಕೊನೆಗೆ ಕಾಕಾ ಒಂದು ರಾಜಿ ಮಾಡಿಸಿದರು. ಕೋಳಿಯ ಕಡೆಯ ಅರ್ಧ ಮುಚ್ಚಳ ಹಾಗೇ ಇರಲಿ, ಉಳಿದರ್ಧ ತೆಗೆದು ಗಿರಾಕಿಗಳನ್ನು ಕೂರಿಸುವುದು.

ಸಂಜೆ ಹುಬ್ಬಳ್ಳಿಯವರು ಬಂದು ನೀರಿಗಿಳಿದರು. ಗೋದುಬಾಯಿ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು, ಪರೀಕ್ಷೆಯ ಕೋಣೆಯ ಮಾಸ್ತರರಂತೆ ಕೂತಳು. ಗಂಡ ಹಾಯೆಂದು ಕಾಲು ಚಾಚಿದ್ದಷ್ಟೇ, ನಾಲ್ಕು ಹನಿ ಸಿಡಿದವು.

"ಸಾಹೇಬ್ರ, ಕಾಲು ಮಡಚ್ರಿ. ಬಾಣಂತಿ ಅದಾಳ."

ಅವನು ಗಾಬರಿಯಿಂದ ಹೆಂಡತಿಯನ್ನು ನೋಡಿದ. ಅವಳು ಅಷ್ಟೇ ಗಾಬರಿಯಿಂದ ತಾನಲ್ಲವೆಂದು ತಲೆಯಾಡಿಸಿದಳು. ಆಗ ಕೌದಿಯ ಸಂದಿಯಿಂದ ಕೋಳಿ ಕತ್ತು ಹೊರಹಾಕಿ ಇಬ್ಬರನ್ನೂ ಪರಿಶೀಲಿಸಿತು. ಅಲ್ಲಿಂದ ಮುಂದೆ ಆ ದಂಪತಿ ಬಸ್ಸಿನ ಮೂರು ಜನರ ಸೀಟಿನಲ್ಲಿ ಐದನೆಯವರಾಗಿ ಸಿಕ್ಕಿಕೊಂಡವರಂತೆ ಕೈಕಾಲು ಒಳಗೆಳೆದುಕೊಂಡು ಕೂತರು.

ಅರ್ಧ ಬಾಗಿಲು ತೆರೆದರೆ ಹರೆಯದ ಹುಡುಗರು ಅರ್ಧವೇ ಓಡಿಹೋಗುತ್ತಾರೆಯೇ? ಕಾಕಾ ನೀರಿನಲ್ಲಿ ಬೆರಳದ್ದಿ, "ಬಿಸಿ ಇಳ್ಯಾಕತ್ತೈತಿ" ಎಂದು ಸಾವಿನ ಸುದ್ದಿಯಂತೆ ತಿಳಿಸಿದರು. "ಹಂಗಾದ್ರ ನನ್ನ ಮರಿಗೋಳು?" ಎಂದು ಗೋದುಬಾಯಿ ಸೆರಗನ್ನು ಬಾಯಿಗಿಟ್ಟುಕೊಂಡಳು.

ಹುಬ್ಬಳ್ಳಿಯ ಹೆಂಗಸಿನ ಕರುಳು ಚುರ್ ಎಂದಿತು. "ಪಾಪ, ಮುಚ್ಚಿಬಿಡ್ರಿ. ಏಳ್ರಿ ನೀವೂ" ಎಂದು ಗಂಡನನ್ನು ಎಬ್ಬಿಸಿಕೊಂಡು ಹೊರಬಂದಳು. ಇಬ್ಬರೂ ಬಚ್ಚಲಿಗೆ ಹೋಗಿ, ಕಟ್ಟಿಗೆ ಒಲೆಯ ಹಂಡೆಯಿಂದ ತಂಬಿಗೆ ತಂಬಿಗೆ ನೀರು ಸುರಿದುಕೊಂಡರು. "ಏನ್ ನೀರಲೇ ಇದು! ಟಬ್ಬು ಯಾಕ ಬೇಕು ಇವರಿಗೆ?" ಎಂಬ ಉದ್ಗಾರ ಹಿತ್ತಲಿನವರೆಗೂ ಕೇಳಿಸಿತು.

ಸುವರ್ಣಾ ಅದನ್ನು ಗಮನವಿಟ್ಟು ಕೇಳಿಸಿಕೊಂಡಳು.

ಮುಚ್ಚಳ ಮುಚ್ಚಿದರು, ಕೌದಿ ಹೊದಿಸಿದರು. "ತತ್ತಿ ಒಡಿಯೂ ತನಕ ಬಿಸಿ ಏರೂದು ಇಳಿಯೂದು ಆಗಬಾರದು. ಹೀಟರ್ ಚಾಲೂ ಇರಲಿ" ಎಂದು ಕಾಕಾ ಆಜ್ಞೆ ಮಾಡಿದರು. ಹೀಟರಿನ ಸ್ವಿಚ್ಚು ಒತ್ತಿದ್ದು ಸ್ವತಃ ಸುವರ್ಣಾ.

"ಮತ್ತ ಬಿಲ್ಲು?" ಎಂದ ದುಂಡೇಶ.

"ಬಾಣಂತಿ ಮುಂದ ಬಿಲ್ಲಿನ ಮಾತಾಡಬಾರದ್ರಿ. ಮರಿ ಇಳಿದ ಮ್ಯಾಲೆ ಟಬ್ಬು ಎಮ್ಮಿಗೆ ಹೋಗೂದ ಐತಿ. ಮೂರು ವಾರದ ಮಾತು."

ಮೀಟರಿನ ದೀಪ ಮತ್ತೆ ಪಟಪಟ ಬಡಿದುಕೊಳ್ಳತೊಡಗಿತು. ಗೋದುಬಾಯಿ ಕೋಳಿಗೆ ದೃಷ್ಟಿ ತೆಗೆದು, ಬರುವ ಮರಿಗಳಲ್ಲಿ ಒಂದನ್ನು ಕಾಕಾಗೂ ಒಂದನ್ನು ಸುವರ್ಣಾಗೂ ಹಂಚಿ ಮನೆಗೆ ಹೊರಟಳು. ದುಂಡೇಶನಿಗೆ ಯಾವುದೂ ಬರಲಿಲ್ಲ. ಅವನು ಟಬ್ಬಿನ ಮೆಟ್ಟಿಲ ಮೇಲೆ ಕೂತು ಊದಿದ ಹೆಬ್ಬೆರಳನ್ನು ನೋಡಿಕೊಂಡ.

ಸ್ವಪ್ನಾ ಬಂದು ಪಕ್ಕದಲ್ಲಿ ಕೂತು, ಆ ಬೆರಳಿಗೆ ಉಫ್ ಎಂದು ಊದಿದಳು.

"ಮುಂಜಾನಿಂದ ಏನೋ ಕೇಳಬೇಕಂತಿದ್ದೆಲ್ಲವ್ವಾ. ಕೇಳು ಈಗ" ಎಂದ.

"ನಿನ್ನೆ ಕೋಳಿ ಬರೇ ಹೊಟ್ಟಿನ ಮ್ಯಾಲೆ ಕೂತಿತ್ತಪ್ಪಾ, ಒಂದೂ ತತ್ತಿ ಇರಲಿಲ್ಲ. ಪಾಪ ಅನಿಸ್ತು, ನಾನ ಇಟ್ಟೆ." ಅವಳು ಅವನ ಮುಖ ನೋಡಿ, ದನಿ ಸ್ವಲ್ಪ ಏರಿಸಿ ಕೇಳಿದಳು. "ಫ್ರಿಜ್ಜಿನ್ಯಾಗಿನ ತತ್ತಿ ಒಳಗೂ ಮರಿ ಇರ್ತಾವೇನು?"